ತಾಯಿ ಬಾಯಿ ಮುಚ್ಚಿಕೊಂಡಿರಲಿ ಎಂದಿರಿ

ಕರೋಶಿ, ಫೆಬ್ರವರಿ ೧೯೯೪

ಮಕ್ಕಳ ತಪಾಸಣಾ ಶಿಬಿರದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನೀವು ಆಡಿದ ಒಂದು ಮಾತಿನಿಂದ ನನ್ನ ಅಕ್ಕ ಒಂದು ಊರಿನಲ್ಲಿ, ಅವಳ ಮಗಳು ಇನ್ನೊಂದು ಊರಿನಲ್ಲಿ ಇದ್ದಾರೆ. ಅಕ್ಕ ಸುಗಂಧಾ ಕರೋಶಿಯ ತವರಿನಲ್ಲಿ. ಐದು ವರ್ಷದ ರಾಜಮತಿ ಕಾಗವಾಡದಲ್ಲಿ, ಅಜ್ಜಿಯ ಹತ್ತಿರ. ಕೋರ್ಟು ತೀರ್ಪು ಕೊಟ್ಟಿಲ್ಲ, ಪಂಚರು ಕೂಡಿಲ್ಲ, ಗಂಡ ಹೆಂಡತಿ ಜಗಳವಾಡಿಲ್ಲ. ನೀವು ಹೇಳಿದಿರಿ, ಅವರು ಪಾಲಿಸಿದರು. ಆ ಮಾತು ತಪ್ಪಾಗಿತ್ತು ಎಂದು ನೀವೇ ಬಂದು ಹೇಳುವವರೆಗೆ ಆ ತಾಯಿ ಮಗಳು ಒಂದಾಗುವಂತಿಲ್ಲ. ಆದ್ದರಿಂದ ಈ ಪತ್ರ, ಮತ್ತು ಆದ್ದರಿಂದಲೇ ಅದು ಎಲ್ಲರೂ ಓದುವ ಪತ್ರಿಕೆಯಲ್ಲಿ.

ನೀವು ಬೇರೆ ಜಿಲ್ಲೆಯಿಂದ ಬಂದವರು. ನಮ್ಮ ಮನೆಗಳ ಸಂಗತಿ ತಿಳಿದಿರಲಿಕ್ಕಿಲ್ಲ. ನಮ್ಮ ತವರಿನಲ್ಲಿ ಆಡುವುದು ಕನ್ನಡ. ಅಕ್ಕನನ್ನು ಕೊಟ್ಟಿದ್ದು ಕಾಗವಾಡದ ದ್ರಾಕ್ಷಿ ತೋಟದ ಮನೆಗೆ. ಅಲ್ಲಿ ಒಲೆಯ ಮುಂದಿನ ಮಾತೆಲ್ಲ ಮರಾಠಿ. ನಮ್ಮ ಜೈನ ಮನೆಗಳಲ್ಲಿ ಇದು ಹೊಸದಲ್ಲ. ಅಕ್ಕನ ಅತ್ತೆ ಲಕ್ಷ್ಮಿಬಾಯಿ ಮಗನನ್ನು ಮರಾಠಿಯಲ್ಲಿ ಮುದ್ದಿಸಿ ಆಳುಗಳನ್ನು ಕನ್ನಡದಲ್ಲಿ ಬೈಯುತ್ತಾರೆ, ಎರಡರಲ್ಲೂ ಅವರಿಗೆ ತಡೆಯಿಲ್ಲ. ಎರಡು ಭಾಷೆಯಿಂದ ಮಾತು ನಿಲ್ಲುವುದಾದರೆ ಮಿರಜಕ್ಕೆ ಹೋಗುವ ಮುಂಜಾನೆಯ ಬಸ್ಸು ಮೂಕವಾಗಿ ಹೋಗಬೇಕಿತ್ತು. ಒಮ್ಮೆ ಅದರಲ್ಲಿ ಕೂತು ನೋಡಿ. ಕಂಡಕ್ಟರನ ಸೀಟಿ ಕೂಡ ಕೇಳಿಸುವುದಿಲ್ಲ.

ರಾಜಮತಿ ಮೂರು ತುಂಬಿದರೂ ಮಾತು ಕಲಿತಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಓಣಿಯವರು ಕಿವುಡಿ ಎಂದರು. ಆದರೆ ತೋಟದಲ್ಲಿ ಬಳ್ಳಿ ಹಬ್ಬಿಸಿದ ತಂತಿಗೆ ಗಾಳಿ ಬಡಿದರೆ ಅವಳು ಓಡಿಹೋಗಿ ಕಲ್ಲುಕಂಬಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದಳು. ನಾನೂ ಕಿವಿ ಹಚ್ಚಿ ನೋಡಿದ್ದೇನೆ; ಬಹಳ ಹೊತ್ತು ನಿಂತ ಮೇಲೆ ನನಗೆ ಕೇಳಿಸಿದ ಸಣ್ಣ ಗುಂಯ್ ಸದ್ದು ಅವಳಿಗೆ ಅಂಗಳದಿಂದಲೇ ಕೇಳುತ್ತಿತ್ತು. ಆ ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ. ಪಡಸಾಲೆಯ ಗೋಡೆಯಿಂದ ಬಿಸಿಲು ಇಳಿಯುತ್ತಿದ್ದಂತೆ ಯಾರೂ ಕರೆಯದೆ ಬಂದು ತನ್ನ ಜಾಗದಲ್ಲಿ ಕೂರುತ್ತಿದ್ದಳು. ಪರ್ವದ ಉಪವಾಸದ ದಿನ ತಾಟು ಹಾಕದಿದ್ದರೆ ನೆಲಕ್ಕೆ ತಲೆ ಬಡಿದುಕೊಂಡು ಅಳುತ್ತಿದ್ದಳು. ಎಲ್ಲರೂ ಹಟ ಎಂದರು. ಅಕ್ಕ ಉಪವಾಸದ ದಿನವೂ ಅದೇ ಹೊತ್ತಿಗೆ ಅವಳ ಮುಂದೆ ತಾಟಿಟ್ಟು, ನಾಲ್ಕು ಕಾಳು ಮನೂಕ, ಅಂದರೆ ಒಣದ್ರಾಕ್ಷಿ, ಹಾಕಿ, ಪಕ್ಕದಲ್ಲಿ ಕೂತಳು. ಅಳು ನಿಂತಿತು. ಅಕ್ಕನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಮಗಳನ್ನು ನೋಡಿ ನೋಡಿ ಕಲಿತಿದ್ದಳು.

ಇಂಥ ತಾಯಿಯನ್ನು ನಾವು ಚಿಕ್ಕೋಡಿಯ ನಿಮ್ಮ ಶಿಬಿರಕ್ಕೆ ಕರೆತಂದೆವು. ನಾನೂ ಜೊತೆಗಿದ್ದೆ. ನೀವು ಮಗುವಿನ ಬಾಯಿಗೆ ಬ್ಯಾಟರಿಯ ಬೆಳಕು ಬಿಟ್ಟು ನಾಲಗೆ ನೋಡಿದಿರಿ. ಮಗುವಿನ ಕಣ್ಣು ನೋಡಲಿಲ್ಲ.

"ಮನೆಯಲ್ಲಿ ಯಾವ ಭಾಷೆ?" ಎಂದಿರಿ.

"ನಾ ಕನ್ನಡ್ರಿ. ಅವರೆಲ್ಲಾ ಮರಾಠಿ," ಎಂದಳು ಅಕ್ಕ.

"ಅದೇ ನೋಡಿ! ಮಗು ಪಾಪ ಯಾವ ಕಡೆ ಹೋಗಬೇಕು? ತಂದೆಯ ಭಾಷೆ ಒಂದೇ ಇರಲಿ. ತಾಯಿ ಸ್ವಲ್ಪ ಬಾಯಿ ಮುಚ್ಚಿಕೊಂಡಿರಲಿ. ಎಲ್ಲ ಸರಿಹೋಗುತ್ತದೆ. ನೆಕ್ಸ್ಟ್!"

ಒಂದು ಮಗುವಿಗೆ ಒಂದು ಭಾಷೆ. ಎಷ್ಟು ಅಗ್ಗದ ಔಷಧ! ಅಂಗಡಿಗೆ ಹೋಗಬೇಕಿಲ್ಲ, ಕಹಿಯಿಲ್ಲ. ಆದರೆ ಅದನ್ನು ಕುಡಿಯಬೇಕಾದವಳು ಮಗುವಲ್ಲ, ತಾಯಿ. ಅದು ನಿಮ್ಮ ಗಮನಕ್ಕೆ ಬಂದಿತ್ತೇ?

ಅಕ್ಕ ಕುಡಿದಳು. ಮೊದಮೊದಲು ತನಗೆ ಬಂದಷ್ಟು ಮರಾಠಿಯಲ್ಲಿ "ಬಾಳಾ, ಪಾಣಿ ಘೇ" ಎಂದು ನೀರಿನ ಲೋಟ ಹಿಡಿಯುತ್ತಿದ್ದಳು. ಲಕ್ಷ್ಮಿಬಾಯಿ ನಕ್ಕು, "ನಿನ್ನ ಮರಾಠಿ ಕೇಳಿದ್ರ ಶಾಣ್ಯಾರ ಸೈತ ಮೂಕರಾಗ್ತಾರ ನೋಡ. ಸುಮ್ಮನಿರು ತಂಗಿ. ಕೂಸಿನ ಸಲುವಾಗಿ," ಎಂದರು. ಅವರು ಕೆಟ್ಟವರಲ್ಲ. ಮೊಮ್ಮಗಳಿಗಾಗಿ ಸಿಹಿ ಬಿಟ್ಟು ವ್ರತ ಹಿಡಿದವರು. ನಿಮ್ಮ ಮಾತನ್ನೂ ಅವರು ವ್ರತದಂತೆಯೇ ಹಿಡಿದರು. ಅಕ್ಕ ಮಗಳಿಗೆ ಸುಮ್ಮನೆ ಎರೆದಳು, ಸುಮ್ಮನೆ ತಲೆ ಬಾಚಿದಳು, ಸುಮ್ಮನೆ ಉಣ್ಣಿಸಿದಳು. ಮಲಗಿಸುವಾಗ ಹಾಡುವುದನ್ನೂ ನಿಲ್ಲಿಸಿದಳು, ಹಾಡು ಕನ್ನಡದ್ದಾದ್ದರಿಂದ.

ಶಿಬಿರಕ್ಕೆ ಬರುವ ಮುಂಚೆ ರಾಜಮತಿಗೆ ಎರಡೇ ಎರಡು ಮಾತು ಬರುತ್ತಿದ್ದವು. ನೀವು ಕೇಳಲಿಲ್ಲ, ನಾವು ಹೇಳಲಿಲ್ಲ. ಒಂದು "ನೀರ", ಇನ್ನೊಂದು "ಸಾಕ". ಶಿಬಿರದ ನಂತರದ ಮಳೆಗಾಲದಲ್ಲಿ ಎರಡೂ ಹೋದವು. ಮನೆಯವರಿಗೆ ಸಂತೋಷವಾಯಿತು. ಹೌದು ಮಾನ್ಯರೇ, ಸಂತೋಷ! ಕನ್ನಡ ಖಾಲಿಯಾಯಿತು, ಇನ್ನು ಮರಾಠಿ ತುಂಬಿಕೊಳ್ಳುತ್ತದೆ, ಸಾಹೇಬರು ಹೇಳಿದಂತೆಯೇ ಆಗುತ್ತಿದೆ ಎಂದು ಬಂದವರಿಗೆಲ್ಲ ಹೇಳಿದರು. ಮರಾಠಿ ಬರಲಿಲ್ಲ. ಸಾಕು ಎನ್ನಲು ಮಾತಿಲ್ಲದ ಮಗು, ಸಾಕಾದಾಗ ತನ್ನ ಮುಂಗೈ ಕಚ್ಚಿಕೊಳ್ಳಲು ಶುರು ಮಾಡಿತು. ಹಲ್ಲಿನ ಗುರುತಿಗೆ ಅಕ್ಕ ಅರಿಸಿನ ಹಚ್ಚುತ್ತಿದ್ದಳು. ಸುಮ್ಮನೆ.

ಹೋದ ದೀಪಾವಳಿಯ ಮುಂಚೆ ಮತ್ತೆ ನಿಮ್ಮಲ್ಲಿಗೆ ಬಂದೆವು. ಗುಣವಾಗಿಲ್ಲ ಎಂದು ಭಾವ ಶಾಂತಿನಾಥ ಅವರು ಕೈಮುಗಿದು ಹೇಳಿದರು. ನೀವು ನಕ್ಕಿರಿ. "ತಾಯಿ ಕದ್ದು ಕನ್ನಡ ಮಾತಾಡುತ್ತಿರಬೇಕು. ಹೆಂಗಸರ ಬಾಯಿ ಸುಮ್ಮನಿರುತ್ತದೆಯೇ? ಸ್ವಲ್ಪ ದಿನ ತವರಿಗೆ ಕಳಿಸಿ ನೋಡಿ," ಎಂದಿರಿ. ಪಕ್ಕದಲ್ಲಿದ್ದ ನರ್ಸ್ ಕೂಡ ನಕ್ಕಳು. ಅದು ನಿಮಗೆ ತಮಾಷೆಯಾಗಿತ್ತೆಂದು ನನಗೆ ಗೊತ್ತು. ನಮ್ಮ ಕಡೆ ಮೇಜಿನ ಆಚೆ ಕೂತವರು ತಮಾಷೆ ಮಾಡುತ್ತಾರೆಂದು ಯಾರೂ ನಂಬುವುದಿಲ್ಲ. ದೀಪಾವಳಿ ಮುಗಿದ ಮೇಲೆ ಭಾವನವರೇ ಅಕ್ಕನನ್ನು ಕರೋಶಿಗೆ ಬಿಟ್ಟುಹೋದರು. ಹೋಗುವಾಗ ಅವರ ಕಣ್ಣು ತುಂಬಿತ್ತು. "ಸಾಹೇಬರು ಸುಳ್ಳ ಯಾಕ ಹೇಳ್ತಾರ ಸುಗಂಧಾ? ಅವರಿಗೇನ ಬರೂದೈತಿ ಅದರಾಗ?" ಎಂದರು. ಇದಕ್ಕೆ ನಾನೂ ಉತ್ತರ ಹುಡುಕುತ್ತಿದ್ದೇನೆ.

ಧಾರವಾಡಕ್ಕೆ ನನ್ನ ಎಂ.ಎ. ಪರೀಕ್ಷೆಯ ಫಲಿತಾಂಶ ತರಲು ಹೋದಾಗ ಒಬ್ಬ ಮಕ್ಕಳ ಮನೋವೈದ್ಯೆಯ ಬಾಗಿಲಲ್ಲಿ ನಿಂತೆ. ನಾನು ಅಪರಿಚಿತರ ಮುಂದೆ ಮಾತಾಡಲಾರದವಳು. ಆಕೆಯೇ ಕರೆದು ಕೂರಿಸಿದರು. ಕಂಬದ ಕಥೆ, ತಾಟಿನ ಕಥೆ ಎಲ್ಲ ಕೇಳಿದರು. ಮಗುವನ್ನು ಕರೆತನ್ನಿ, ನೋಡದೆ ಖಚಿತವಾಗಿ ಹೇಳಲಾರೆ ಎಂದರು. ಆದರೆ ಇದು ಆಟಿಸಂ ಇರಬಹುದು, ಇಂಥ ಮಕ್ಕಳು ಹುಟ್ಟುವಾಗಲೇ ಹೀಗೆ, ತಾಯಿಯ ತಪ್ಪಿನಿಂದ ಆಗುವುದಲ್ಲ, ಎರಡು ಭಾಷೆಯಿಂದಂತೂ ಖಂಡಿತ ಆಗುವುದಲ್ಲ ಎಂದರು. ತಾಯಿಗೆ ಯಾವ ಭಾಷೆ ಸಲೀಸೋ ಅದರಲ್ಲೇ ಮಾತಾಡಲಿ. ಚಿಕ್ಕ ಮಾತು ಆಡಲಿ, ವಸ್ತು ತೋರಿಸಿ ಆಡಲಿ, ಆಡಿದ ಮೇಲೆ ಕಾಯಲಿ. ದಿನದ ಕ್ರಮ ತಪ್ಪಿಸುವುದಿದ್ದರೆ ಮೊದಲೇ ತಿಳಿಯುವಂತೆ ಮಾಡಲಿ. ಕಣ್ಣಿಗೆ ಕಣ್ಣು ಕೊಡು ಎಂದು ಗದ್ದ ಹಿಡಿದು ತಿರುಗಿಸುವುದು ಬೇಡ. ಅವಳು ನೋಡುತ್ತಿರುವುದನ್ನು ನೀವೂ ಪಕ್ಕದಲ್ಲಿ ಕೂತು ನೋಡಿ. ಕೊನೆಗೆ ಒಂದು ಮಾತು ಹೇಳಿದರು: "ಆ ತಾಟು ಇಟ್ಟ ತಾಯಿಗೆ ನಾನು ಕಲಿಸಬೇಕಾದ್ದು ಬಹಳ ಇಲ್ಲ. ಆಕೆಯನ್ನು ಮಗುವಿನ ಹತ್ತಿರ ಇರಲು ಬಿಡಿ."

ಈ ಮಾತುಗಳನ್ನು ಹೊತ್ತು ಕಾಗವಾಡಕ್ಕೆ ಹೋದೆ. ಲಕ್ಷ್ಮಿಬಾಯಿ ಪೂರ್ತಿ ಕೇಳಿದರು. ಕೇಳಿ, "ನೀ ಕಥಿ ಕವಿತಾ ಓದಿದಾಕಿ. ಡಾಕ್ಟರಕಿ ಯಾವಾಗ ಓದಿದಿ?" ಎಂದರು.

"ನಾ ಅಲ್ರಿ ಅತ್ತಿ, ಧಾರವಾಡದ ಡಾಕ್ಟರ್ ಬಾಯಿ ಹೇಳ್ಯಾರ್ರಿ. ಕೂಸಿನ್ನ ಕರಕೊಂಡ ಬರ್ರಿ ಅಂದಾರ."

"ಆ ಬಾಯಿ ನಮ್ಮ ಕೂಸಿನ ಮಾರಿ ನೋಡ್ಯಾಳೇನ? ಸಾಹೇಬರು ಎರಡ ಸಲ ನೋಡ್ಯಾರ. ಸರಕಾರದವರು ಅದಾರ. ಅವರ ಔಷಧ ಅರ್ಧಕ್ಕ ಬಿಟ್ಟ ಧಾರವಾಡಕ್ಕ ಹೋಗಿ, ನಾಳೆ ಕೂಸಿಗೆ ಹೆಚ್ಚ ಕಡಿಮಿ ಆದ್ರ? ನನಗೇನ ಸೊಸಿ ಬ್ಯಾಡಾಗ್ಯಾಳ ಅಂತ ತಿಳದಿಯೇನ? ಆ ಸಾಹೇಬರು ಬಂದ ಒಂದ ಮಾತ ಹೇಳಲಿ. ಅವತ್ತ ನಾನ ಕರೋಶಿಗೆ ಬಂದ ಕರಕೊಂಡ ಹೋಗ್ತೇನಿ."

ಆಮೇಲೆ ನಿಮ್ಮ ಕಚೇರಿಗೆ ಬಂದೆ. ನೆನಪಿದೆಯೇ? ಇರಲಿಕ್ಕಿಲ್ಲ. ಜವಾನ ಧೂಳಪ್ಪ ಒಳಗೆ ಬಿಟ್ಟಾಗ ನೀವು ಎದ್ದು ಹೊರಡುವುದರಲ್ಲಿದ್ದಿರಿ. ನಾನು ತಡವರಿಸುತ್ತ ಹೇಳಿದೆ. "ನಾನು ಹಾಗೆ ಹೇಳಿದ ನೆನಪಿಲ್ಲಮ್ಮ. ದಿನಕ್ಕೆ ನೂರಾರು ಜನ ಬರುತ್ತಾರೆ," ಎಂದಿರಿ. ಮಾನ್ಯರೇ, ನೀವು ಮರೆತ ಮಾತನ್ನು ಒಂದು ಮನೆ ಮಂತ್ರದಂತೆ ಕಾಯುತ್ತಿದೆ. ಅದರ ತೂಕ ನಿಮಗೆ ತಿಳಿಯುವುದು ಯಾವಾಗ?

ನಿಮ್ಮ ಶಿಬಿರದ ಸಾಲಿನಲ್ಲಿ ತೆಲಸಂಗದ ರುಕ್ಮವ್ವನನ್ನೂ ನೋಡಿದ್ದೆ. ಮಗ ಬಂಡಿಯ ಗಾಲಿ ತಿರುಗಿಸುತ್ತ ಹೊತ್ತು ಕಳೆಯುತ್ತಾನಂತೆ. ಮಗನಿಗೆ ಗಾಳಿ ಸೋಕಿದೆ ಎಂದು ಯಾರೋ ಅವಳಿಗೆ ಹೇಳಿದ್ದರು, ಇನ್ಯಾರೋ ಬಸುರಿಯಿದ್ದಾಗ ಗ್ರಹಣ ನೋಡಿದ್ದೀಯೆ ಎಂದಿದ್ದರು. ಅವರಿಗೂ ನಿಮಗೂ ವ್ಯತ್ಯಾಸ ಏನು? ಅವರಿಗೆ ಸರಕಾರದ ಮೊಹರು ಇಲ್ಲ. ನಿಮಗೆ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಗೊತ್ತಿರುವವರ ಕಡೆಗೆ ಕಳಿಸಿ. ಪ್ರತಿ ಶಿಬಿರದಲ್ಲೂ ತಂದೆತಾಯಿಯನ್ನು ಕೂರಿಸಿಕೊಂಡು, ಅವರ ಮಾತಿನಲ್ಲೇ ತಿಳಿಸಿ ಹೇಳುವ ಒಬ್ಬರನ್ನಾದರೂ ಇಡಿ. ಆಟಿಸಂ ವಾಸಿಯಾಗುವ ಔಷಧ ನಾವು ಕೇಳುತ್ತಿಲ್ಲ. ಮಗುವನ್ನು ಅರಿಯುವ ದಾರಿ ತೋರಿಸಿ ಎನ್ನುತ್ತಿದ್ದೇವೆ.

ಹೋದ ಸೋಮವಾರ ಭಾವನವರು ಮೊದಲ ಕೊಯ್ಲಿನ ದ್ರಾಕ್ಷಿ ತೆಗೆದುಕೊಂಡು ಕರೋಶಿಗೆ ಬಂದಿದ್ದರು. ಮುಖದಲ್ಲಿ ಗೆಲುವಿತ್ತು. "ಸುಧಾರಿಸ್ಯಾಳ ಸುಗಂಧಾ. ಭಾಳ ಶಾಂತ ಆಗ್ಯಾಳ," ಎಂದರು. "ನೀ ಇಲ್ಲಿಗೆ ಬಂದಾಗಿಂದ ದಿನಾ ಸಂಜೀಕ ಬಾಗಲದಾಗ ನಿಂತ ಅಳತಿದ್ದಳು. ಈಗ ಅಳೂದಿಲ್ಲ. ಬಾಗಲ ಕಡೆ ನೋಡೂದೂ ಬಿಟ್ಟಾಳ."

ಅಕ್ಕ ದ್ರಾಕ್ಷಿಯ ಬುಟ್ಟಿಯನ್ನು ಕೆಳಗಿಟ್ಟಳು. "ಬಾಗಲ ಕಡೆ ನೋಡೂದಿಲ್ಲೇನ್ರಿ?" ಎಂದು ಒಮ್ಮೆ ಕೇಳಿದಳು. ಭಾವನವರ ಮುಖದ ಗೆಲುವು ನಿಧಾನವಾಗಿ ಇಳಿಯಿತು. ತಾವು ಹೇಳಿದ್ದು ಏನೆಂದು ಅವರಿಗೆ ಆಗ ಕೇಳಿಸಿರಬೇಕು. ಆದರೂ ಅವರು ಅಕ್ಕನನ್ನು ಕರೆದುಕೊಂಡು ಹೋಗಲಿಲ್ಲ. ನಿಮ್ಮ ಮಾತನ್ನು ಮೀರುವ ಧೈರ್ಯ ಅವರಿಗಿಲ್ಲ.

ಮಾನ್ಯರೇ, ನಿಮ್ಮ ಚಿಕಿತ್ಸೆ ಫಲ ಕೊಡುತ್ತಿದೆ. ಅದು ಪೂರ್ತಿ ಫಲಿಸುವ ಮುಂಚೆ ಕಾಗವಾಡಕ್ಕೆ ಬನ್ನಿ. ಕ್ಷಮೆ ಕೇಳಬೇಡಿ, ನಮಗದು ಬೇಡ. ಆ ಪಡಸಾಲೆಯಲ್ಲಿ ನಿಂತು, ಕನ್ನಡದಲ್ಲೋ ಮರಾಠಿಯಲ್ಲೋ, "ತಾಯಿ ಮಾತಾಡಲಿ" ಎಂದು ಹೇಳಿ. ಎರಡೇ ಶಬ್ದ. ಈ ವಾರವೇ ಬನ್ನಿ.

ಇಂತಿ,
ಕನ್ನಡದಲ್ಲಿ ಚಿಕ್ಕವ್ವ, ಮರಾಠಿಯಲ್ಲಿ ಮಾವಶಿ,
ರಾಜಮತಿಯ ಬಾಯಲ್ಲಿ ಇನ್ನೂ ಯಾವುದೂ ಆಗದವಳು