ಟವೆಲ್ ಹಿಡಿಯುವವಳು

ಮನೆಯಿಂದ, ಅಡುಗೆಮನೆಯ ಮೇಜು
ಶನಿವಾರ, ಮಾರ್ಚ್ ೮

ಪ್ರೀತಿಯ ಅಮ್ಮಾ,

ಹೇಗಿದ್ದೀ? ಸೊಂಟನೋವು ಕಡಿಮೆಯಾಯಿತೇ? ನೀನು ನೋಡಿಕೊಳ್ಳುತ್ತಿರುವ ಆ ಅಜ್ಜಿಯನ್ನು ಹಾಸಿಗೆಯಿಂದ ಎಬ್ಬಿಸುವಾಗ ಸೊಂಟ ಬಗ್ಗಿಸದೆ ಕಾಲಿನ ಬಲ ಹಾಕು ಎಂದು ಅಣ್ಣ ಹೇಳಿಕೊಟ್ಟಿದ್ದನಲ್ಲ, ಹಾಗೇ ಮಾಡುತ್ತಿದ್ದೀಯ ತಾನೇ? ಅವನ ಬಾಕ್ಸಿಂಗ್ ವಿದ್ಯೆಯಲ್ಲಿ ನಮ್ಮ ಉಪಯೋಗಕ್ಕೆ ಬಂದದ್ದು ಅದೊಂದೇ. ನಾನು ಚೆನ್ನಾಗಿದ್ದೇನೆ. ಫೋನಿನಲ್ಲಿ ಬರೀ ಹೂಂ, ಉಹೂಂ ಎನ್ನುತ್ತೇನೆಂದು ಬೈದೆಯಲ್ಲ, ಅದಕ್ಕೇ ಈ ಕಾಗದ. ನೀನು ಫೋನ್ ಮಾಡಿದಾಗಲೆಲ್ಲ ಅಣ್ಣ ಪಕ್ಕದಲ್ಲೇ ಕೂತಿರುತ್ತಾನೆ. ಎರಡು ಕೋಣೆಯ ಮನೆಯಲ್ಲಿ ಅಷ್ಟು ದೊಡ್ಡ ಆಳಿನಿಂದ ದೂರ ಹೋಗುವುದಾದರೂ ಎಲ್ಲಿಗೆ?

ಮುಖದ ಊತ ಇಳಿದಿದೆ ಎಂದು ಅವನೇ ನಿನಗೆ ಹೇಳಿದ್ದಾನೆ. ನಿಜ. ಅವನು ಹೇಳದೆ ಬಿಟ್ಟದ್ದನ್ನು ನಾನು ಬರೆಯುತ್ತೇನೆ. ಕಳೆದ ಪಂದ್ಯದಲ್ಲಿ ಸೋತು ಬಂದಾಗಿನಿಂದ ಲೋಟಕ್ಕೆ ನೀರು ಬಗ್ಗಿಸುವಾಗ ತಲೆಯನ್ನು ಎಡಕ್ಕೆ ವಾಲಿಸುತ್ತಾನೆ. ಜೋಕಿಗೆ ಎಲ್ಲರೂ ನಕ್ಕು ಮುಗಿಸಿದ ಮೇಲೆ ನಗುತ್ತಾನೆ. ಮಾತಿನ ನಡುವೆ ಒಂದು ಪದಕ್ಕಾಗಿ ನಿಂತುಬಿಡುತ್ತಾನೆ. ಮೊನ್ನೆ ‘ಚಮಚ’ ಎಂಬುದು ಸಿಗದೆ ಗಾಳಿಯಲ್ಲಿ ಕಲಕಿ ತೋರಿಸಿದ. ನಾನು ಪದ ಕೊಟ್ಟರೆ ಸಿಟ್ಟು: “ಗೊತ್ತು ಕಣೇ, ನಿನ್ನ ಎಂ.ಎ. ನಿನ್ನ ಹತ್ರಾನೇ ಇಟ್ಕೋ.” ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು, ಏನೂ ಕಾಣುತ್ತಿಲ್ಲ, ಆದರೆ ಇನ್ನೊಮ್ಮೆ ಇಂಥ ಏಟು ಬೀಳಬಾರದು ಎಂದರು. ಅವನು ಮೊದಲರ್ಧ ಮಾತ್ರ ಕೇಳಿಸಿಕೊಂಡ.

ಹೌದಮ್ಮಾ, ಮತ್ತೆ ರಿಂಗಿಗೆ ಇಳಿಯುತ್ತಿದ್ದಾನೆ, ಮುಂದಿನ ತಿಂಗಳು. ಕೋಚ್ ಎಲ್ಲವನ್ನೂ ಮೊದಲಿನಿಂದ ಕಲಿಸುತ್ತಿದ್ದಾರೆ: ನಿಲ್ಲುವುದು, ಹೆಜ್ಜೆಯಿಡುವುದು, ಗಲ್ಲದ ಹತ್ತಿರ ಕೈ ಕಾವಲಿಡುವುದು. ಜಿಮ್ಮಿನ ನೆಲಕ್ಕೆ ಸೀಮೆಸುಣ್ಣದ ಗೆರೆ ಎಳೆದಿದ್ದಾರೆ. ಹೆವಿವೇಟ್ ಆಟಗಾರನಾದ ನನ್ನಣ್ಣ ಅದರ ಮೇಲೆ ಆಗತಾನೇ ನಡೆಯಲು ಕಲಿತ ಮಗುವಿನಂತೆ ಸರಿದಾಡುತ್ತಾನೆ. ಮೊದಲು ನಿಧಾನದ ಎದುರಾಳಿ, ಆಮೇಲೆ ಅವನಿಗಿಂತ ಸ್ವಲ್ಪ ಗಟ್ಟಿಯವನು, ಹೀಗೆ ಮೆಟ್ಟಿಲು ಹತ್ತಿಸುವ ಲೆಕ್ಕ. ಮೊದಲನೆಯವನನ್ನು ಎಲ್ಲರೂ ಲಾರಿ ಎನ್ನುತ್ತಾರಂತೆ. “ತಿರುಗೋಕೇ ಅರ್ಧ ದಿನ ಬೇಕು ಅವನಿಗೆ” ಎಂದು ಅಣ್ಣ ನಗುತ್ತಾನೆ. ಲಾರಿ ನಿಧಾನವಾಗಿ ಬಂದು ಗುದ್ದಿದರೂ ಲಾರಿಯೇ ಅಲ್ಲವೇ? ಕೆಳಗಿನ ಕಟಿಂಗ್ ಶಾಪಿನವನು ಸೋಲಿನ ಮರುದಿನವೇ ಅಣ್ಣನ ಪೋಸ್ಟರಿನ ಮೇಲೆ ಕ್ಯಾಲೆಂಡರ್ ನೇತುಹಾಕಿದ್ದ. ಈಗ ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದಾನೆ, ಪೂರ್ತಿ ತೆಗೆದಿಲ್ಲ. ಅರ್ಧ ಮುಖ ಕಾಣುತ್ತದೆ.

ಇನ್ನು ಟವೆಲಿನ ವಿಷಯ. ಆಟಗಾರ ಇನ್ನು ತಡೆಯಲಾರ ಅನ್ನಿಸಿದರೆ ಅವನ ಕಡೆಯವರು ರಿಂಗಿನೊಳಗೆ ಟವೆಲ್ ಎಸೆಯುತ್ತಾರೆ, ಪಂದ್ಯ ಅಲ್ಲಿಗೆ ಮುಗಿಯುತ್ತದೆ. ಕಳೆದ ಸಲ ಕೋಚ್ ಎಸೆದರು. ಅಣ್ಣ ಅದನ್ನು ಇನ್ನೂ ಕ್ಷಮಿಸಿಲ್ಲ. “ನಿಂತೇ ಇದ್ದೆನಲ್ಲ!” ಎನ್ನುತ್ತಾನೆ. ನಿಂತಿದ್ದ, ಮೂಲೆಗೆ ಒರಗಿಸಿಟ್ಟ ಚಾಪೆಯ ಹಾಗೆ. ಈ ಸಲ ಟವೆಲ್ ಮನೆಯವರ ಕೈಯಲ್ಲೇ ಇರಬೇಕು, ಇಲ್ಲದಿದ್ದರೆ ಬೇರೆ ಕೋಚ್ ಹತ್ತಿರ ಹೋಗುತ್ತೇನೆ ಎಂದು ಹಟ ಹಿಡಿದ. ಬೇರೆಯವರು ಇವನನ್ನು ಯಾರ ಮುಂದೆ ನಿಲ್ಲಿಸಿಬಿಡುತ್ತಾರೋ ಎಂಬ ಭಯಕ್ಕೆ ಕೋಚ್ ಒಪ್ಪಿದರು. ಮನೆಯವರು ಎಂದರೆ ಇಲ್ಲಿ ಇನ್ಯಾರಿದ್ದಾರೆ? ನೀರಿನ ಬಕೆಟ್ಟು, ಟವೆಲು, ಎರಡೂ ನನ್ನ ಪಾಲಿಗೆ. ನಾನೇ ಯಾಕೆ ಎಂದು ಕೇಳಿದೆ. ತಲೆ ಸವರಿ, ತುಂಬ ಪ್ರೀತಿಯಿಂದ ಹೇಳಿದ: “ಸ್ಟಾಪ್ ಬಂತು ಅಂತ ಹೇಳೋಕೆ ನಾಚ್ಕೊಂಡು ಬಸ್ಸಲ್ಲಿ ಕೊನೇವರೆಗೂ ಹೋಗೋಳು ನೀನು. ಅಷ್ಟು ಜನರ ಮುಂದೆ ಎಸೀತೀಯಾ?”

ಬೇಡ ಎಂದರೆ ಅವನು ಕೋಚನ್ನು ಬಿಟ್ಟು ಹೋಗುತ್ತಾನೆ. ಒಪ್ಪಿಕೊಂಡರೆ, ನನ್ನ ನಾಚಿಕೆಯನ್ನು ನಂಬಿ ಅವನು ಅಲ್ಲಿ ಏಟು ತಿನ್ನುತ್ತಾನೆ. ಇದನ್ನೆಲ್ಲ ಬಿಟ್ಟುಬಿಡು ಎನ್ನಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಬೆಳಿಗ್ಗೆ ಓಡಿ ಬಂದು, ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚುವಾಗ ಅವನ ಮುಖದಲ್ಲಿ ಹಳೆಯ ಕಳೆ ಇರುತ್ತದೆ. ದಿನದಲ್ಲಿ ಬೇರೆ ಯಾವಾಗಲೂ ಅದು ಕಾಣುವುದಿಲ್ಲ. ಅದನ್ನು ನೋಡಿದ ಮೇಲೆ ಅವನ ಶೂ ಎತ್ತಿ ಬಿಸಿಲಿಗಿಟ್ಟು ಒಳಗೆ ಬಂದುಬಿಡುತ್ತೇನೆ. ನೀನೊಮ್ಮೆ ಹೇಳಿ ನೋಡು. ನಾನು ಬರೆದೆನೆಂದು ಮಾತ್ರ ಹೇಳಬೇಡ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಆ ಅಜ್ಜಿಗೂ ನನ್ನ ನೆನಪು ತಿಳಿಸು.

ನಿನ್ನ
ಮೂಗಿ

ಮರೆತ ಮಾತು: ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಗೀಚಿ ಮುಗಿಸುತ್ತೇನೆ. ಅಣ್ಣ ಓಡಲು ಹೋದಾಗ ನಾನು ಮಹಡಿಗೆ ಹೋಗಿ, ಬಟ್ಟೆ ಒಣಹಾಕುವ ಹಗ್ಗದಾಚೆಗೆ ಟವೆಲ್ ಎಸೆದು ಅಭ್ಯಾಸ ಮಾಡುತ್ತಿದ್ದೇನೆ. ಒಣಗಿದ್ದು ಗಾಳಿಗೆ ಬಿಚ್ಚಿಕೊಂಡು ನನ್ನ ಕಾಲ ಬಳಿಯೇ ಬೀಳುತ್ತದೆ. ಒದ್ದೆ ಮಾಡಿ ಉಂಡೆ ಕಟ್ಟಿದರೆ ಹಗ್ಗ ದಾಟುತ್ತದೆ. ಬಕೆಟ್ಟು ಹೇಗೂ ನನ್ನ ಹತ್ತಿರವೇ ಇರುತ್ತದಲ್ಲ. ಎಸೆದ ಮೇಲೆ ಅವನು ನನ್ನ ಮುಖ ನೋಡುವುದಿಲ್ಲ. ಹೇಗಾದರೂ ರಜೆ ಕೇಳಿ ಅವತ್ತು ಬಾ ಅಮ್ಮಾ, ಆಗ ನನಗೆ ನೋಡಲು ಒಂದು ಮುಖ ಬೇಕು.