ಹೆಂಚಿನ ಪುಡಿಯ ಕೆಂಪು

ಸಾಗರ
ಭಾನುವಾರ

ಶಿವು,

ನೀನು ಕ್ಷೇಮವಾಗಿರುತ್ತೀಯ, ಅದಕ್ಕೇ ಕೇಳುವುದಿಲ್ಲ. ನಾವಿಬ್ಬರೂ ಸೇರಿ ನನ್ನ ಅಂಗಳದಲ್ಲಿ ಎರಕ ಹೊಯ್ದ ಕೆಂಪು ಕಾಂಕ್ರೀಟ್ ಬೆಂಚು ಸಿಕ್ಕಿತು. ಅಮ್ಮನಿಗೆ ಹುಷಾರಿಲ್ಲವೆಂದು ನಾನು ಹೊಸನಗರಕ್ಕೆ ಬಂದಿದ್ದಾಗ ಕಳುವಾಯಿತೆಂದು ನಿನ್ನ ಭಾವ ಹೇಳಿದ್ದರಲ್ಲ, ಅದೇ. "ಕಾಂಕ್ರೀಟ್ ಬೆಂಚನ್ನೂ ಕದೀತಾರಲ್ಲ ಮಾರಾಯ್ತಿ!" ಎಂದು ಅವರು ನಕ್ಕಾಗ ನೀನೂ ನಕ್ಕಿದ್ದೆ.

ನಿನ್ನೆ ತೀರ್ಥಹಳ್ಳಿಯಲ್ಲಿ ಒಂದು ಮನೆಯ ಮುಂದೆ ಅದು ಕಂಡಿತು. ಪಕ್ಕದಲ್ಲಿ ನಿನ್ನ ಭಾವನ ಬೈಕು ನಿಂತಿತ್ತು. ನೀರು ಕೇಳುವ ನೆಪದಲ್ಲಿ ಅಂಗಳಕ್ಕೆ ಹೋದೆ. ಆ ಮನೆಯ ಹೆಂಗಸಿಗೆ ನಾನು ಯಾರೆಂದು ಗೊತ್ತಿರಲಿಲ್ಲ. "ಬನ್ನಿ ಅಕ್ಕಾ, ಕೂತ್ಕಳಿ. ಬೆಂಚು ಚೆನ್ನಾಗಿದ್ಯಲ್ಲ? ನಮ್ಮನೆಯವರೇ ಮಾಡಿದ್ದು" ಅಂದಳು. ನಾನು ಕೂತು ನೀರು ಕುಡಿದು ಬಂದೆ.

ಅವರ ವಿಷಯ ಬಿಡು, ಅದನ್ನು ನಾನು ನೋಡಿಕೊಳ್ಳುತ್ತೇನೆ. ಸಾಗಿಸುವಾಗ ಬೆಂಚಿನ ಒಂದು ಮೂಲೆ ಒಡೆದಿರಬೇಕು, ಅದಕ್ಕೆ ಯಾರೋ ಸಿಮೆಂಟು ಮೆತ್ತಿದ್ದಾರೆ. ಮೆತ್ತಿದ್ದು ಕೂಡ ಅದೇ ಕೆಂಪು. ಬಣ್ಣದ ಖರ್ಚು ಉಳಿಸಲು ಒಡೆದ ಹೆಂಚು ಕುಟ್ಟಿ, ಅಮ್ಮನ ಹಳೆ ಸೀರೆಯಲ್ಲಿ ವಸ್ತ್ರಗಾಳಿ ಮಾಡಿ ಬೆರೆಸುವುದು ನಮ್ಮಿಬ್ಬರಿಗೇ ಗೊತ್ತು. ನಿನ್ನ ಭಾವನಿಗೆ ಸಿಮೆಂಟು ಕಲೆಸಲೂ ಬರುವುದಿಲ್ಲ.

ಗೌರಿ ಹಬ್ಬಕ್ಕೆ ನನ್ನನ್ನು ಕರೆಯಲು ಬರಬೇಡ. ನಿನ್ನ ಹತ್ತಿರವಿರುವ, ಸಿಮೆಂಟು ಮೆತ್ತುವ ನನ್ನ ಕರಣೆಯನ್ನೂ ಆ ಸೀರೆಯನ್ನೂ ಬಸ್ಸಿನಲ್ಲಿ ಕಳಿಸಿಕೊಡು. ಈ ಸಲ ಒಂದು ಸ್ಟೂಲು ಮಾಡಿಕೊಳ್ಳುತ್ತೇನೆ, ನಾನೊಬ್ಬಳೇ ಎತ್ತಿಡುವಷ್ಟು ಚಿಕ್ಕದು.

ಕುಮುದಕ್ಕ