ಕಿಟಕಿಯ ಮೇಲಿನ ಮರದ ಬಿಲ್ಲೆ

ನವೆಂಬರ್ 9, ಭಾನುವಾರ

ಎಂದಿನಂತೆ ಊಟ ಮಗಳು ಜನೀನ್ ಮನೆಯಲ್ಲಿ. ಬೀಗಿತ್ತಿ ಲಗಿ, ಚರ್ಚಿಗೆ ಉಟ್ಟ ಬಿಳಿ ಉಡುಪಿನಲ್ಲೇ ಬಡಿಸಿದಳು — ಹಂದಿ, ತೆಂಗಿನಹಾಲಲ್ಲಿ ಬೆಂದ ಕೆಸುವಿನೆಲೆ. ಹೊಟ್ಟೆ ಬಿರಿಯೆ ತಿಂದೆ. ತಿಂದ ಬಾಯಿ ಸುಮ್ಮನಿರಬೇಕಲ್ಲ. ಲಗಿಯ ಕೋಣೆಯಲ್ಲಿ ಅಳಿಯ ತವಿತ ಕರ್ಟನ್ ರಾಡ್ ಹಾಕಿದ್ದಾನೆ. ದೋಣಿಗೆ ಹೊಡೆಯುವ ದಪ್ಪ ಬ್ರಾಕೆಟ್ ಎರಡು. ಎಡಗಡೆಯದು ಕಿಟಕಿಯಿಂದ ನಾಲ್ಕು ಬೆರಳು ದೂರ, ಬಲಗಡೆಯದು ಆರು. ಸ್ಕ್ರೂ ಒಂದೊಂದೂ ಒಂದೊಂದು ಜಾತಿ.

"ಏನಪ್ಪಾ, ಕರ್ಟನ್ ಕಟ್ಟಿದ್ಯೋ ಗೂಳಿ ಕಟ್ಟಿದ್ಯೋ?"

"ಈ ಪೊರಿರುವಾ ಊರಿನ ಗಾಳಿ ಗೊತ್ತಲ್ಲ ಮಾವ. ಗೂಳಿನೇ ವಾಸಿ."

ಅವನು ನಕ್ಕ. ಜನೀನ್ ನಗಲಿಲ್ಲ. ನಾನೇ ಚೆಂದ ಮಾಡಿಕೊಡುತ್ತೇನೆ ಎಂದೆ. ನಲವತ್ತು ವರ್ಷ ಬಡಗಿ ಕೆಲಸ ಮಾಡಿದವನು…

ನವೆಂಬರ್ 12, ಬುಧವಾರ, ಮಧ್ಯಾಹ್ನ 3

ನಿನ್ನೆ ರಿಮು ಮರದಲ್ಲಿ ದುಂಡನೆ ಬಿಲ್ಲೆ ಎರಡು ಕಡೆದಿದ್ದೆ, ಇವತ್ತು ಲಗಿಯ ಕೋಣೆಗೆ ಒಯ್ದೆ. ಗೋಡೆಗೆ ಬಿಲ್ಲೆ, ಅದರ ಮೇಲೆ ಹಿತ್ತಾಳೆ ಬ್ರಾಕೆಟ್. ಅಳಿಯನ ತೂತುಗಳೂ ಮುಚ್ಚುವಷ್ಟು ಅಗಲ. ಎರಡು ಕಡೆಯೂ ಸರಿಯಾಗಿ ನಾಲ್ಕು ಬೆರಳು.

ಇಲ್ಲಿನ ಗೋಡೆಗಳು ಪ್ಲಾಸ್ಟರ್ ಹಲಗೆಯವು, ಒಳಗಿನ ಮರದ ಕಂಬಕ್ಕೆ ತಾಗಿದರೇ ಸ್ಕ್ರೂ ನಿಲ್ಲುವುದು. ಆ ಮರ ಪತ್ತೆಹಚ್ಚುವ ಮಷೀನನ್ನು ತವಿತ ಮೇಜಿನ ಮೇಲೆ ಇಟ್ಟು ಹೋಗಿದ್ದ. ಮುಟ್ಟಲಿಲ್ಲ. ನಮ್ಮ ಕಾಲದವರು ಗೆಣ್ಣಿನಿಂದ ತಟ್ಟಿ, ಸದ್ದು ಕೇಳಿ ಹುಡುಕುವವರು. ಕಿವಿಯ ಮಷೀನು ಮನೆಯಲ್ಲೇ ಉಳಿದಿತ್ತು. ಆದರೂ ತಟ್ಟಿದೆ. ಕೇಳಿಸಿತು ಅಂದುಕೊಂಡೆ.

ಎಡಗಡೆ ಗಟ್ಟಿ ಹಿಡಿಯಿತು. ಬಲಗಡೆ ಸ್ಕ್ರೂ ಬೆಣ್ಣೆಗೆ ಇಳಿದಂತೆ ಇಳಿಯಿತು… ಬರೀ ಪ್ಲಾಸ್ಟರ್ ಹಲಗೆ. ಆಗ ಹೊಳೆಯಿತು — ಮರ ಇದ್ದದ್ದೇ ಆರು ಬೆರಳಿನಲ್ಲಿ, ತವಿತ ಹಾಕಿದ್ದ ಕಡೆ. ತೂತಿಗೆ ಪುಟ್ಟಿ ತುರುಕಿ, ಮೇಲೆ ಬಿಲ್ಲೆ ಒತ್ತಿದೆ.

"ಅಬ್ಬ! ಚರ್ಚ್ ಕಿಟಕಿ ಥರಾ ಇದೆ ಬೀಗರೇ," ಎಂದಳು ಲಗಿ. ಟೀ ಕುಡಿದು ಬಂದೆ.

ನವೆಂಬರ್ 16, ಭಾನುವಾರ

ಲಗಿ ಪಾದ್ರಿಯ ಹೆಂಡತಿಯನ್ನೂ ಕರೆತಂದು ತೋರಿಸಿದಳು. "ನನ್ನ ಕೈಲಿ ಆಗ್ತಿರ್ಲಿಲ್ಲ ಮಾವ," ಎಂದ ತವಿತ. ಮುಖ ನೋಡಲಾಗಲಿಲ್ಲ. ಹೇಳಬಹುದಿತ್ತು. ಇನ್ನೊಂದು ತುಂಡು ಹಂದಿ ಹಾಕಿಸಿಕೊಂಡೆ.

ಡಿಸೆಂಬರ್ 4, ಗುರುವಾರ

ಬಿತ್ತು. ಬೆಳಿಗ್ಗೆ ಲಗಿ ಕರ್ಟನ್ ಸರಿಸುವಾಗ ರಾಡು ಅವಳ ಮಣಿಕಟ್ಟಿನ ಮೇಲೆ. ಮೂಳೆ ಮುರಿದಿಲ್ಲವಂತೆ, ಊದಿದೆ. ಜನೀನ್ ಫೋನ್ ಮಾಡಿದಾಗ ನಾನು ಮೊದಲು ಕೇಳಿದ್ದು — "ಬಿಲ್ಲೆ ಒಡೀತಾ?"

ಥೂ.

ಡಿಸೆಂಬರ್ 5, ಬೆಳಿಗ್ಗೆ 11

ಲಗಿ ಬಂದಿದ್ದಳು, ಮಗ ತವಿತನ ಜೊತೆ. ಒಂದು ಕೈಗೆ ಪಟ್ಟಿ, ಇನ್ನೊಂದರಲ್ಲಿ ನೂಡಲ್ಸ್ ಪಾತ್ರೆ. ಕುರ್ಚಿ ತೋರಿಸಿದರೂ ಕೂರಲಿಲ್ಲ. ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ, ತಲೆ ತಗ್ಗಿಸಿ ಕೂತಳು. ದೊಡ್ಡ ತಪ್ಪಾದಾಗ ಅವರ ದ್ವೀಪದ ಜನರಲ್ಲಿ ಕ್ಷಮೆ ಕೇಳುವುದು ಹಾಗೆ.

"ನಿಮ್ಮ ಕೆಲ್ಸ ಹಾಳ್ಮಾಡ್ಬಿಟ್ಟೆ ಬೀಗರೇ. ಜೋರಾಗಿ ಎಳ್ದೆ. ನನ್ನ ಮೈಭಾರ ಗೊತ್ತಲ್ಲ… ಕ್ಷಮಿಸ್ಬೇಕು."

ಬಾಯಿ ತೆರೆದೆ. ಬಂದದ್ದು — "ಪರವಾಗಿಲ್ಲ ಬಿಡಿ."

ಕ್ಷಮಿಸಿದೆ! ನಾನು, ಅವಳನ್ನು. ಅವರು ಹೋದ ಮೇಲೆ ನೂಡಲ್ಸನ್ನೂ ತಿಂದೆ. ರುಚಿಯಾಗಿತ್ತು, ಅದಕ್ಕೇ ಇನ್ನಷ್ಟು ನಾಚಿಕೆ.

ಡಿಸೆಂಬರ್ 7, ಭಾನುವಾರ, ಬೆಳಿಗ್ಗೆ 10

ತವಿತನ ಫೋನು. "ಹಳೇ ಬ್ರಾಕೆಟ್ಟೇ ಹಾಕ್ದೆ ಮಾವ, ಅದೇ ತೂತಿಗೆ." ಆಮೇಲೆ ದನಿ ತಗ್ಗಿಸಿ — "ಬಿಲ್ಲೆ ಹಿಂದೆ ಪುಟ್ಟಿ ಇತ್ತು. ಕೆರೆದು ಒರೆಸ್ಬಿಟ್ಟೆ. ಅಮ್ಮಂಗೆ ಹೇಳಿಲ್ಲ. ಊಟಕ್ಕೆ ಬನ್ನಿ, ಕರ್ಕೊಂಡು ಹೋಗೋಕೆ ಬರ್ತೀನಿ."

ಬೈದಿದ್ದರೆ ಚೆನ್ನಾಗಿತ್ತು.

ಇವತ್ತು ನಾನು ನೆಲದ ಮೇಲೆ ಕೂರಬೇಕು. ಈ ಮಂಡಿ ಮಡಚುತ್ತದೋ ಇಲ್ಲವೋ. ಅಲ್ಲಿ ತೊದಲಬಾರದು, ಹೇಳಬೇಕಾದ್ದನ್ನು ಇಲ್ಲೇ ಬರೆದು ನೋಡುತ್ತೇನೆ —

ಲಗಿ, ಅದು ನಿಮ್ಮ ಭಾರಕ್ಕೆ ಬಿದ್ದದ್ದಲ್ಲ. ಸ್ಕ್ರೂ ಮರಕ್ಕೆ ತಾಗಿಯೇ ಇರಲಿಲ್ಲ. ನನಗದು ಅವತ್ತೇ ಗೊತ್ತಿತ್ತು, ಬಿಲ್ಲೆ ಒತ್ತಿ ಮುಚ್ಚಿಟ್ಟೆ.